ಒಂದೇ ಪೆಟ್ಟಿಗೆಯ ಗಣಕಯಂತ್ರ

(ಸಂಘದ ವಾರ್ಷಿಕೋತ್ಸವದಂದು ನೆರೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಮುಖ್ಯೋಪಾಧ್ಯಾಯರಾದವರು ವಿದ್ಯೆಯ ಮಹತ್ತ್ವವನ್ನೋ ಶಿಸ್ತಿನ ಅಗತ್ಯವನ್ನೋ ಕುರಿತು ನಾಲ್ಕು ಮಾತನಾಡುವುದು ವಾಡಿಕೆ. ಕಳೆದ ವರ್ಷಗಳಲ್ಲಿ ನಾವೂ ಹಾಗೆಯೇ ಮಾಡಿದ್ದೇವೆ. ತಾವು ಸಹನೆಯಿಂದ ಕೇಳಿದ್ದೀರಿ. ಈ ಸಲ ಮಾತ್ರ ಒಂದು ಕೊಳ್ಳುವ ಕೊಡುವ ವಿಚಾರವನ್ನೆತ್ತಿಕೊಳ್ಳಲು ತಮ್ಮ ಅಪ್ಪಣೆ ಬೇಡುತ್ತೇವೆ. ಲಕ್ಷಕ್ಕೂ ಮಿಗಿಲಾದ ಬೆಲೆಯ, ಎಲ್ಲ ಅಂಗಗಳನ್ನೂ ಒಂದೇ ಒಡಲಲ್ಲಿ ಅಡಕಮಾಡಿಕೊಂಡ ಗಣಕಯಂತ್ರವನ್ನು ಕಸಬಿನವರು ಕೊಳ್ಳುವುದು ಲೇಸೋ ಅಲ್ಲವೋ ಎಂಬುದೇ ಆ ವಿಚಾರ. ಇದು ಶಾಲೆಯ ವೇದಿಕೆಗೆ ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಏಕೆ ತಕ್ಕುದೆಂಬುದನ್ನು ಮೊದಲು ಅರಿಕೆ ಮಾಡುತ್ತೇವೆ.

ಕಳೆದ ಜೂನ್ ತಿಂಗಳಲ್ಲಿ, ಶಾಲೆ ತೆರೆದ ಮೊದಲ ವಾರ, ಕಬ್ಬಿನ ಬೆಳೆಗಾರರೊಬ್ಬರು ನಮ್ಮ ಕಚೇರಿಗೆ ಬಂದರು. ಅವರ ಮಗ ನಮ್ಮಲ್ಲಿಯೇ ಹತ್ತನೆಯ ತರಗತಿ ಮುಗಿಸಿದವನು. ಮುಂದೆ ಹೈದರಾಬಾದಿನಲ್ಲಿ ಡಿಟಿಪಿ ಕೆಲಸವನ್ನೂ ಫೋಟೋ ತಿದ್ದುವುದನ್ನೂ ಕಲಿತು, ಕೆಲಕಾಲ ಅಲ್ಲಿಯೇ ದುಡಿದು, ಈಗ ಜಹೀರಾಬಾದಿನ ಬಸ್ ನಿಲ್ದಾಣದ ಸಮೀಪ ಸ್ವಂತ ಅಂಗಡಿ ಇಡಬೇಕೆಂದು ಹೊರಟಿದ್ದಾನೆ. ಲಗ್ನಪತ್ರಿಕೆ, ಮದುವೆಯ ಆಲ್ಬಮ್, ಅಂಗಡಿಗಳ ಫಲಕ, ಶಾಲೆಗಳ ಪ್ರಶ್ನಪತ್ರಿಕೆ, ಇವು ಅವನ ಕಸಬು. ತಂದೆ ಕುಳಿತವರೇ, "ಗುರುಗಳೇ, ಹುಡುಗ ಒಂದೂವರಿ ಲಕ್ಷದ ಕಂಪ್ಯೂಟರ್ ಬೇಕಂತಾನ್ರಿ. ಅದಕ್ಕ ಡಬ್ಬಿ ಇಲ್ಲ, ಬರೇ ಗಾಜಿನ ಹಲಗಿ ಇದ್ದಂಗ ಅದ. ಕಬ್ಬಿನ ರೊಕ್ಕ ಎಲ್ಲಾ ಮಗಳ ಲಗ್ನಕ್ಕ ಹೋಗ್ಯದ, ಸಾಲ ಮಾಡಬೇಕು. ಕೊಡಸಲೋ ಬ್ಯಾಡೋ ನೀವೇ ಹೇಳ್ರಿ" ಎಂದರು.

ನಾವು ಆ ದಿನ ಉತ್ತರ ಕೊಡಲಿಲ್ಲ. ಎಂಟು ದಿನಗಳ ಅವಕಾಶ ಕೇಳಿದೆವು. ಅದಕ್ಕೊಂದು ಕಾರಣವಿತ್ತು.

ನಾಲ್ಕು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಇನ್ನೊಬ್ಬರು ನಮ್ಮಲ್ಲಿ ಕೇಳಿದ್ದರು. ನಮ್ಮ ಈ ವಾರ್ಷಿಕ ಸಂಚಿಕೆಯ ಪುಟಗಳನ್ನು ಆಗ ಜೋಡಿಸಿ ಕೊಡುತ್ತಿದ್ದವರು ಅವರು. ಅಂಗಡಿಯಲ್ಲಿ ಆ ಯಂತ್ರವನ್ನು ನೋಡಲು ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಅದರ ಚೆಲುವಿಗೆ ನಾವು ಮರುಳಾದೆವೆಂದು ಒಪ್ಪಿಕೊಳ್ಳಬೇಕು. ತಂತಿಗಳ ಗೋಜಿಲ್ಲ, ಮೇಜಿನ ಕೆಳಗೆ ಧೂಳು ತುಂಬಿದ ಡಬ್ಬಿಯಿಲ್ಲ. ತಿಳಿನೀರಿನ ಕೊಳದಂತಹ ಪರದೆ, ಅದರ ಮೇಲೆ ನಮ್ಮ ಕನ್ನಡದ ಅಕ್ಷರಗಳು ಮುತ್ತು ಪೋಣಿಸಿದಂತೆ. "ಹಿಂದೆಮುಂದೆ ನೋಡದೆ ಕೊಳ್ಳಿ" ಎಂದೆವು. ಕೊಂಡರು. ಎರಡನೆಯ ವರ್ಷದ ಮೇ ತಿಂಗಳಲ್ಲಿ, ಸಂಚಿಕೆಯ ಪುಟಗಳೆಲ್ಲ ಸಿದ್ಧವಾಗಿ ಅಚ್ಚಿಗೆ ಹೋಗುವ ಮುನ್ನಾದಿನ, ಗುಡುಗು ಮಳೆಯ ಹೊತ್ತಿನಲ್ಲಿ ವಿದ್ಯುತ್ತು ಏರಿಳಿದು ಪರದೆ ಕಪ್ಪಾಯಿತು. ಒಳಗಿನ ಗಣಕ ಬದುಕಿತ್ತು. ಸಣ್ಣ ಪಂಖೆ ತಿರುಗುವ ಸದ್ದು ಕಿವಿಗೆ ಬೀಳುತ್ತಿತ್ತು. ಕಣ್ಣು ಮಾತ್ರ ಹೋಗಿತ್ತು. ಪಕ್ಕದ ಅಂಗಡಿಯಿಂದ ಬೇರೊಂದು ಮಾನಿಟರನ್ನು ತಂದು ಜೋಡಿಸೋಣವೆಂದರೆ ಆ ಮಾದರಿಯಲ್ಲಿ ಚಿತ್ರವನ್ನು ಹೊರಗೆ ಕೊಡುವ ಕಿಂಡಿಯೇ ಇರಲಿಲ್ಲ. ಪುಟಗಳಿಗೆ ಬೇರೆ ಪ್ರತಿಯನ್ನೂ ಇಟ್ಟಿರಲಿಲ್ಲ. ಆ ತಪ್ಪನ್ನು ಯಂತ್ರದ ತಲೆಗೆ ಕಟ್ಟಲಾಗದು. ಯಂತ್ರವನ್ನು ಹಾಸಿಗೆಬಟ್ಟೆಯಲ್ಲಿ ಸುತ್ತಿ ಕಾರಿನಲ್ಲಿ ನಗರಕ್ಕೆ ಒಯ್ದರು. ಹೊಸ ಪರದೆ ಬರಲು ನಲವತ್ತು ದಿನ ಹಿಡಿಯಿತು. ಅದರ ವೆಚ್ಚ ಯಂತ್ರದ ಮೂಲಬೆಲೆಯ ಅರ್ಧದಷ್ಟಾಯಿತು.

ಆ ವರ್ಷದ ಸಂಚಿಕೆ ದಸರೆಯ ಹೊತ್ತಿಗೆ ಹೊರಬಿತ್ತು. ಹತ್ತನೆಯ ತರಗತಿಯ ಮಕ್ಕಳು ಅಷ್ಟರಲ್ಲಿ ಶಾಲೆ ಬಿಟ್ಟಾಗಿತ್ತು. ಮೊದಲ ಬಾರಿಗೆ ಒಂದು ಪದ್ಯ ಬರೆದುಕೊಟ್ಟಿದ್ದ ಬಾಲಕಿಯೊಬ್ಬಳು ಏಪ್ರಿಲಿನಿಂದ ವಾರಕ್ಕೊಮ್ಮೆ ಬಂದು "ಸರ್, ಪುಸ್ತಕ ಬಂತೇನ್ರಿ" ಎಂದು ಕೇಳುತ್ತಿದ್ದಳು. ಜುಲೈ ಕಳೆದ ಮೇಲೆ ಬರಲಿಲ್ಲ. ಮನೆಯವರು ಬೀದರಿಗೆ ಹೋಗಿ ನೆಲೆಸಿದರೆಂದು ತಿಳಿಯಿತು. ಅವಳ ಪ್ರತಿ ಇಂದಿಗೂ ನಮ್ಮ ಕಪಾಟಿನಲ್ಲಿದೆ. ಇಂತಿರಲು, ಎರಡನೆಯ ಸಲ ಅದೇ ಪ್ರಶ್ನೆ ಬಂದಾಗ ನಾವು ಎಂಟು ದಿನ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ವಸ್ತುವಿಚಾರಕ್ಕೆ ಬರೋಣ. ಸಾಮಾನ್ಯವಾದ ಮೇಜಿನ ಗಣಕಯಂತ್ರಕ್ಕೆ ಎರಡು ಒಡಲು. ಲೆಕ್ಕ ಹಾಕುವ ಡಬ್ಬಿಯೊಂದು, ತೋರಿಸುವ ಪರದೆಯೊಂದು. ಆ ಡಬ್ಬಿಯನ್ನು ನಮ್ಮ ಜನ ಸಿಪಿಯು ಎಂದು ಕರೆಯುವುದು ರೂಢಿಯಾಗಿದೆ. ಈ ಎರಡನ್ನೂ ಒಂದುಮಾಡಿ ಪರದೆಯ ಬೆನ್ನಿಗೇ ಗಣಕವನ್ನು ಅಂಟಿಸಿದರೆ ಅದಕ್ಕೆ ಆಲ್-ಇನ್-ಒನ್ ಎಂಬ ಹೆಸರು. ಇದು ಹೊಸ ಕಲ್ಪನೆಯಲ್ಲ. ಆ್ಯಪಲ್ ಸಂಸ್ಥೆ 1984ರ ಜನವರಿಯಲ್ಲಿ ಹೊರತಂದ ಮ್ಯಾಕಿಂತೋಷ್ ಕೂಡ ಒಂದೇ ಪೆಟ್ಟಿಗೆಯದು. 1998ರಲ್ಲಿ ಬಂದ ಐಮ್ಯಾಕ್ ಈ ಬಗೆಯನ್ನು ಲೋಕಪ್ರಸಿದ್ಧಗೊಳಿಸಿತು. ಹಿರಿಯರಲ್ಲಿ ಕೆಲವರಿಗೆ ರೇಡಿಯೋಗ್ರಾಂ ನೆನಪಿರಬಹುದು. ರೇಡಿಯೋ, ಗ್ರಾಮಫೋನು ಎರಡೂ ಒಂದೇ ಮರದ ಪೆಟ್ಟಿಗೆಯಲ್ಲಿ. ಅದನ್ನು ಸಾಹುಕಾರರ ಪಡಸಾಲೆಯಲ್ಲಿಟ್ಟರೆ ಶೋಭೆ. ಗ್ರಾಮಫೋನು ಕೆಟ್ಟರೆ ರೇಡಿಯೋವೂ ಅದರೊಡನೆ ರಿಪೇರಿಯವನ ಮನೆಗೆ ಪ್ರಯಾಣ.

ಕಸಬಿನವರಿಗಾಗಿಯೇ ಇಂತಹ ದುಬಾರಿ ಯಂತ್ರಗಳನ್ನು ಮಾಡಿದವರ ಕಥೆ ಸ್ವಾರಸ್ಯವಾಗಿದೆ. 2017ರ ಡಿಸೆಂಬರಿನಲ್ಲಿ ಆ್ಯಪಲ್ ಸಂಸ್ಥೆ ಐಮ್ಯಾಕ್ ಪ್ರೋ ಎಂಬುದನ್ನು ಮಾರಾಟಕ್ಕಿಟ್ಟಿತು. ಆರಂಭದ ಬೆಲೆ ಅಮೆರಿಕದಲ್ಲಿ 4,999 ಡಾಲರು. ಅದರ ಪರದೆಯಲ್ಲಿ ಅಡ್ಡಕ್ಕೆ 5120, ಉದ್ದಕ್ಕೆ 2880 ಚುಕ್ಕೆಗಳು. ಗುಣಿಸಿದರೆ ಒಂದು ಕೋಟಿ ನಲವತ್ತೇಳು ಲಕ್ಷ. ಚಲನಚಿತ್ರ ಸಂಕಲನಕಾರರೂ ವಿಜ್ಞಾನಿಗಳೂ ಇದನ್ನು ಕೊಳ್ಳುವರೆಂದು ನಿರೀಕ್ಷೆ. ಆದರೆ 2021ರ ಮಾರ್ಚಿನಲ್ಲಿ ಅದನ್ನು ಹಿಂತೆಗೆದುಕೊಂಡರು. ಮರುವರ್ಷ ಅದೇ ಮಾರ್ಚ್ ತಿಂಗಳಲ್ಲಿ 27 ಅಂಗುಲದ ಐಮ್ಯಾಕ್ ಕೂಡ ನಿಂತಿತು. ಅದೇ ಹೊತ್ತಿಗೆ ಅದೇ ಸಂಸ್ಥೆ ಕಸಬಿನವರಿಗೆಂದು ಹೊರತಂದದ್ದೇನು? ಪರದೆಯೊಂದು ಬೇರೆ, ಪೆಟ್ಟಿಗೆಯೊಂದು ಬೇರೆ! ಮೈಕ್ರೋಸಾಫ್ಟ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಸರ್ಫೇಸ್ ಸ್ಟುಡಿಯೋ ಎಂಬ, ಚಿತ್ರಕಾರರಿಗಾಗಿ ಮಾಡಿದ 28 ಅಂಗುಲದ ಸೊಗಸಾದ ಯಂತ್ರದ ವಂಶವೂ 2024ರ ಕೊನೆಯ ಹೊತ್ತಿಗೆ ನಿಂತುಹೋಯಿತು. ಮಾಡಿದವರೇ ಕೈಬಿಟ್ಟದ್ದನ್ನು ಕಂಡ ಮೇಲೆ ನಮ್ಮಂತಹ ಊರಿನವರು ಒಮ್ಮೆ ನಿಂತು ಯೋಚಿಸುವುದು ಸಹಜವೇ ಸರಿ.

ಆದರೂ ನ್ಯಾಯವಾಗಿ ಮಾತನಾಡಬೇಕು. ಆ ಯಂತ್ರಗಳ ಪರದೆ ನಿಜಕ್ಕೂ ಉತ್ತಮವಾದುದು, ಮತ್ತು ಅದರ ಪ್ರಯೋಜನ ಇಂಗ್ಲಿಷಿನವರಿಗಿಂತ ನಮಗೇ ಹೆಚ್ಚು. ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮದು ಹಾಗಲ್ಲ. ತಲೆಕಟ್ಟು ಮೇಲೆ, ಒತ್ತಕ್ಷರ ಕೆಳಗೆ, ಕೊಂಬು ದೀರ್ಘಗಳು ಬದಿಗೆ. ಪಕಾರದ ಹೊಟ್ಟೆಯಲ್ಲೊಂದು ಗೆರೆ ಸೇರಿದರೆ ಷಕಾರ. ಅಲ್ಪಪ್ರಾಣದ ದಕಾರದ ಕೆಳಗೊಂದು ಸೀಳು ಬಿದ್ದರೆ ಮಹಾಪ್ರಾಣದ ಧಕಾರ. ಸಾಧಾರಣ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಎಂದರೆ ಸುಮಾರು ಇಪ್ಪತ್ತು ಲಕ್ಷ ಮುಕ್ಕಾಲು ಚುಕ್ಕೆಗಳು ಮಾತ್ರ. ಸಣ್ಣ ಅಕ್ಷರದ ಕರಡನ್ನು ಅದರಲ್ಲಿ ತಿದ್ದುವವನ ಕಣ್ಣಿಗೆ ಆ ಗೆರೆ, ಆ ಸೀಳು ಕಾಣದೆ ಹೋಗುವುದುಂಟು. ನಮ್ಮ ಹಳೆಯ ಸಂಚಿಕೆಗಳಲ್ಲಿ 'ಧನ' ಇದ್ದಲ್ಲಿ 'ದನ' ಬಂದದ್ದನ್ನು ತಾವು ನೋಡಿ ನಕ್ಕಿದ್ದೀರಿ. ಆದಕಾರಣ ಒಳ್ಳೆಯ ಪರದೆ ಅಚ್ಚಿನ ಕೆಲಸದವನಿಗೆ ಭೋಗವಸ್ತುವಲ್ಲ, ಉಪಕರಣ. ಆಲ್ಬಮ್ ಮಾಡುವವನಿಗೂ ಅಷ್ಟೇ: ಮದುಮಗಳ ಸೀರೆಯ ಕೆಂಪು ಪರದೆಯಲ್ಲೊಂದು, ಕಾಗದದ ಮೇಲೊಂದು ಆದರೆ ಬೀಗರು ಸುಮ್ಮನಿರುವರೇ?

ಆದರೆ ಒಳ್ಳೆಯ ಪರದೆ ಬೇಕೆಂಬುದು ಒಂದು ಮಾತು, ಅದು ಗಣಕದೊಡನೆ ಅಗಲದಂತೆ ಕೂಡಿಕೊಂಡಿರಬೇಕೆಂಬುದು ಬೇರೆ ಮಾತು. ಇಲ್ಲಿಯೇ ನಾವು ಹಿಂದೆ ಎಡವಿದ್ದು. ಒಳ್ಳೆಯ ಪರದೆ ಹತ್ತು ವರ್ಷ ದುಡಿಯಬಲ್ಲದು. ಲೆಕ್ಕ ಹಾಕುವ ಭಾಗ ಹಾಗಲ್ಲ. ನಾಲ್ಕೈದು ವರ್ಷಗಳಲ್ಲಿ ಹೊಸ ತಂತ್ರಾಂಶಗಳ ಭಾರ ಹೊರಲಾರದೆ ಏದುಸಿರು ಬಿಡತೊಡಗುತ್ತದೆ. ವಯಸ್ಸಾಗುವ ವೇಗ ಬೇರೆಬೇರೆಯಾದ ಎರಡನ್ನು ಒಂದೇ ನೊಗಕ್ಕೆ ಹೂಡಿದಂತಾಯಿತು. ಒಂದಕ್ಕೆ ಮುಪ್ಪು ಬಂದಾಗ ಪ್ರಾಯದಲ್ಲಿರುವ ಇನ್ನೊಂದನ್ನೂ ಸಂತೆಗೆ ಹೊಡೆಯಬೇಕು. 2009ರಿಂದ 2014ರ ನಡುವಣ ಹಲವು ಐಮ್ಯಾಕುಗಳನ್ನು, ಒಳಗಿನ ಗಣಕ ಹಳತಾದ ಮೇಲೆ, ಮತ್ತೊಂದು ಗಣಕಕ್ಕೆ ಬರಿಯ ಪರದೆಯಾಗಿ ಬಳಸಲು ಬರುತ್ತಿತ್ತು. ಆಮೇಲಿನವುಗಳಲ್ಲಿ ಆ ಅನುಕೂಲವನ್ನು ತೆಗೆದುಹಾಕಿದರು. ಜ್ಞಾಪಕಶಕ್ತಿಯ, ಎಂದರೆ ರ‍್ಯಾಮಿನ ಗತಿಯೂ ಹೀಗೆಯೇ. 27 ಅಂಗುಲದ ಹಳೆಯ ಐಮ್ಯಾಕಿಗೆ ಬೆನ್ನಲ್ಲೊಂದು ಪುಟ್ಟ ಬಾಗಿಲಿತ್ತು. ಅದನ್ನು ತೆರೆದು ನಾವೇ ಹೆಚ್ಚಿಸಿಕೊಳ್ಳಬಹುದಾಗಿತ್ತು. 2021ರಿಂದ ಬಂದ 24 ಅಂಗುಲದ ಮಾದರಿಗಳಲ್ಲಿ ಕೊಳ್ಳುವ ದಿನ ಎಷ್ಟು ಇತ್ತೋ ಕೊನೆಯವರೆಗೂ ಅಷ್ಟೇ.

ನಮ್ಮ ರೈತರ ಬಂಡಿಯನ್ನು ನೋಡಿ. ಅಚ್ಚು ಮುರಿದರೆ ಅಚ್ಚನ್ನು, ಕೀಲು ಸವೆದರೆ ಕೀಲನ್ನು, ಪಟ್ಟೆ ಸಡಿಲಾದರೆ ಪಟ್ಟೆಯನ್ನು ಬದಲಿಸುತ್ತಾರೆ. ಯಾರೂ ಬಂಡಿಯನ್ನೇ ಎಸೆಯುವುದಿಲ್ಲ. ಹಿಂದಿನ ಅಚ್ಚುಕೂಟದಲ್ಲಿಯೂ ಒಂದು ಮೊಳೆ ಸವೆದರೆ ಆ ಮೊಳೆಯನ್ನಷ್ಟೇ ಕಿತ್ತು ಹೊಸದನ್ನು ಹಾಕುತ್ತಿದ್ದರು.

ಊರಿನ ಮಾತನ್ನೂ ಸೇರಿಸಬೇಕು. ಜಹೀರಾಬಾದಿನಿಂದ ಹೈದರಾಬಾದು ಸುಮಾರು ನೂರು ಕಿಲೋಮೀಟರು. ತಾಂಡೂರಿನಿಂದ, ನಾರಾಯಣಖೇಡದಿಂದ ಇನ್ನೂ ಹೆಚ್ಚು. ಸಾಮಾನ್ಯ ಗಣಕದ ಡಬ್ಬಿ ಕೆಟ್ಟರೆ ಅದನ್ನು ತೆರೆದು ನೋಡುವ ಹುಡುಗರು ಈ ಮೂರೂ ಊರುಗಳಲ್ಲಿದ್ದಾರೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೂ ಅವರಲ್ಲಿದ್ದಾರೆಂದು ಹೇಳಲು ಸಂತೋಷವಾಗುತ್ತದೆ. ವಿದ್ಯುತ್ ಒದಗಿಸುವ ಪೆಟ್ಟಿಗೆ ಸುಟ್ಟರೆ ಎರಡು ಸಾವಿರ ರೂಪಾಯಿಯೊಳಗೆ ಅದೇ ಸಂಜೆ ಕೆಲಸ ಮತ್ತೆ ಸಾಗುತ್ತದೆ. ಅಂಟಿನಿಂದ ಮುಚ್ಚಿದ ತೆಳ್ಳನೆಯ ಯಂತ್ರವನ್ನು ಅವರು ಮುಟ್ಟಲಂಜುತ್ತಾರೆ, ಅಂಜುವುದು ವಿವೇಕವೂ ಹೌದು. ತಾಂಡೂರಿನಿಂದ ಬಂದ ಪೋಷಕರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ತಮ್ಮೂರಿನ ಫರಸಿ ಕಲ್ಲು ದೇಶವಿದೇಶಗಳ ಮನೆಗಳಿಗೆ ನೆಲವಾಗಿದೆ. ಆದರೆ ಅದನ್ನು ಕೊಯ್ದು ನಯಮಾಡುವಾಗ ಏಳುವ ಹುಡಿ ಗಾಳಿಯಲ್ಲಿ ತೇಲುತ್ತ ಪ್ರತಿಯೊಂದು ಪಂಖೆಯ ಸಂದಿಗೂ ಇಳಿಯುತ್ತದೆ. ಡಬ್ಬಿಯಾದರೆ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಊದಿಸಬಹುದು. ಪರದೆಯ ಬೆನ್ನಿನಲ್ಲಿ ಹುಡಿ ಕೂತು ಕಾವೇರಿದರೆ ಊದಿಸುವುದಾದರೂ ಹೇಗೆ?

ಇನ್ನು ಕನ್ನಡದ ಒಂದು ವಿಶೇಷ ತೊಡಕಿದೆ. ನಮ್ಮವರ ಅಕ್ಷರಜೋಡಣೆ ಬೆಳೆದದ್ದು ವಿಂಡೋಸ್ ಎಂಬ ವ್ಯವಸ್ಥೆಯ ನೆರಳಿನಲ್ಲಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, 1998ರಲ್ಲಿ ಬಂದ ಬರಹ, ಪೇಜ್‌ಮೇಕರಿನಲ್ಲಿ ಪುಟ ಕಟ್ಟುವ ಪದ್ಧತಿ, ಇವುಗಳ ಮೇಲೆಯೇ ಎರಡು ತಲೆಮಾರು ಕೈ ಪಳಗಿಸಿಕೊಂಡಿದೆ. ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿ 2001ರದು. ಆದರೂ ಸಣ್ಣ ಊರಿನ ಅಂಗಡಿಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ. 2020ರ ಕೊನೆಯಿಂದ ಬಂದ ಆ್ಯಪಲ್ಲಿನ ಹೊಸ ಚಿಪ್ಪಿನ ಯಂತ್ರಗಳಲ್ಲಿ, ಹಿಂದೆ ಆಗುತ್ತಿದ್ದಂತೆ, ವಿಂಡೋಸನ್ನು ನೇರವಾಗಿ ಹೂಡಲು ಬರುವುದಿಲ್ಲ. ವ್ಯಾಪಾರಿಗಳ ಲೆಕ್ಕದ ಟ್ಯಾಲಿಯೂ ವಿಂಡೋಸಿನದೇ. ಹೀಗಾಗಿ ಲಕ್ಷಾಂತರ ಕೊಟ್ಟು ತಂದ ಯಂತ್ರದಲ್ಲಿ ಗಿರಾಕಿ ತಂದ ಹಳೆಯ ಕಡತ ತೆರೆಯದೆ ಹೋದರೆ ನಗೆಪಾಟಲು. ಆದರೆ ಈ ತೊಡಕು ಕಾಲಕ್ರಮದಲ್ಲಿ ಸಡಿಲಾಗುತ್ತಿದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ದೊರೆತಿದೆ. ಅಲ್ಲಿ ತೆಲುಗಿಗೆ 128 ಮನೆಗಳು, ಅದಕ್ಕೆ ಗೋಡೆ ಹೊಂದಿಕೊಂಡೇ ಕನ್ನಡಕ್ಕೆ 128 ಮನೆಗಳು. 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಗೆ ಸೇರಿದ್ದ ಜಹೀರಾಬಾದು, ನಾರಾಯಣಖೇಡಗಳ ಜನರಿಗೂ, ಗುಲ್ಬರ್ಗಾ ಜಿಲ್ಲೆಯದಾಗಿದ್ದ ತಾಂಡೂರಿನ ಜನರಿಗೂ ಈ ನೆರೆಹೊರೆ ಹೊಸತೇನಲ್ಲ! ಯೂನಿಕೋಡಿನಲ್ಲಿ ಬರೆದದ್ದು ಯಾವ ಯಂತ್ರದಲ್ಲಿಯೂ ತೆರೆದುಕೊಳ್ಳುತ್ತದೆ. ಆದ್ದರಿಂದ ಹೊಸ ಅಂಗಡಿ ಇಡುವವರು ಮೊದಲ ದಿನದಿಂದಲೇ ಅದರಲ್ಲಿ ಬರೆಯುವುದನ್ನು ರೂಢಿಸಿಕೊಳ್ಳುವುದು ಮೇಲು.

ರೊಕ್ಕದ ಲೆಕ್ಕಕ್ಕೆ ಬರೋಣ. ಎಂಟನೆಯ ತರಗತಿಯವರು ಬೆರಳು ಮಡಿಸಿ ಕೂಡಿಸಬಹುದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 24 ಅಂಗುಲದ ಐಮ್ಯಾಕಿನ ಆರಂಭದ ಬೆಲೆ ನಮ್ಮ ದೇಶದಲ್ಲಿ ಆಗ 1,34,900 ರೂಪಾಯಿ ಇತ್ತು. ಅದೇ ತಿಂಗಳು ಅದೇ ಬಗೆಯ ಚಿಪ್ಪಿನೊಡನೆ, ಪರದೆಯಿಲ್ಲದೆ ಬಂದ ಮ್ಯಾಕ್ ಮಿನಿ ಎಂಬ ಅಂಗೈಯಗಲದ ಪೆಟ್ಟಿಗೆಗೆ ಆಗ 59,900 ಇತ್ತು. ಇದಕ್ಕೆ 28,000ದ ಒಂದು ಒಳ್ಳೆಯ 27 ಅಂಗುಲದ 4ಕೆ ಪರದೆ, ಕೀಲಿಮಣೆ ಮೌಸುಗಳಿಗೆ 2,000 ಸೇರಿಸಿದರೆ 89,900. ಉಳಿತಾಯ 45,000. ಆ ಹಣದಲ್ಲಿ ಒಳ್ಳೆಯ ಯುಪಿಎಸ್ಸೂ ಪ್ರತಿ ಇಡುವ ಹೊರಗಿನ ಡಿಸ್ಕೂ ಬಂದು ಇನ್ನೂ ಮಿಗುತ್ತದೆ. ಆದಾಯ ತೆರಿಗೆಯವರ ಲೆಕ್ಕವೂ ಕಣ್ಣು ತೆರೆಸುವಂತಿದೆ. 2017ರ ಏಪ್ರಿಲಿನಿಂದೀಚೆಗೆ ಗಣಕಯಂತ್ರದ ಬೆಲೆ ವರ್ಷಕ್ಕೆ ನೂರಕ್ಕೆ ನಲವತ್ತರಂತೆ ಸವೆಯಿತೆಂದು ಹಿಡಿಯುತ್ತಾರೆ. ಅದಕ್ಕೆ ಮೊದಲು ಅರವತ್ತರಂತೆ ಹಿಡಿಯುತ್ತಿದ್ದರು. ನಲವತ್ತರಂತೆ 1,34,900 ಮೊದಲ ವರ್ಷದ ಕೊನೆಗೆ 80,940, ಎರಡನೆಯದಕ್ಕೆ 48,564, ಮೂರನೆಯದಕ್ಕೆ 29,138. ಬ್ಯಾಂಕಿನ ಸಾಲ ಮಾತ್ರ ಅಷ್ಟು ಬೇಗ ಸವೆಯುವುದಿಲ್ಲ.

ಹಾಗಾದರೆ ಯಾರೂ ಕೊಳ್ಳಬಾರದೇ? ಹಾಗೆನ್ನುವುದೂ ಅತಿಯಾದೀತು. ಜಾಗದ ಕೊರತೆಯಿರುವ ವೈದ್ಯರ ಮೇಜಿಗೂ ಮೀ ಸೇವಾ ಕೇಂದ್ರದ ಕಟ್ಟೆಗೂ ಸಾಧಾರಣ ಬೆಲೆಯ ಆಲ್-ಇನ್-ಒನ್ ಹೊಂದುತ್ತದೆ; ಅಲ್ಲಿ ಕೆಲಸ ಹಗುರ, ತಂತಿ ಕಡಿಮೆಯಾದಷ್ಟೂ ಒಳ್ಳೆಯದು. ನಗರದಲ್ಲಿದ್ದು, ದುರಸ್ತಿಯ ಕೇಂದ್ರ ಸಮೀಪದಲ್ಲಿದ್ದು, ಮೂರು ವರ್ಷಗಳಲ್ಲಿ ಯಂತ್ರದ ಹಣವನ್ನು ದುಡಿದು ತೆಗೆಯುವಷ್ಟು ಕೆಲಸ ಕೈಯಲ್ಲಿರುವ ವಿನ್ಯಾಸಕಾರನಿಗೆ ದುಬಾರಿಯದೂ ಲಾಭವೇ. ಅಷ್ಟೇ ನವಿರಾದ ಪರದೆಯನ್ನು ಅದೇ ಸಂಸ್ಥೆಯಿಂದ ಬೇರೆಯಾಗಿ ಕೊಳ್ಳಹೋದರೆ, 2022ರಲ್ಲಿ ಬಂದ ಅವರ 27 ಅಂಗುಲದ ಸ್ಟುಡಿಯೋ ಡಿಸ್‌ಪ್ಲೇಗೆ ಆಗ 1,59,900 ರೂಪಾಯಿ ಇತ್ತು. ಗಣಕವೇ ಇಲ್ಲದ ಬರಿಯ ಪರದೆಗೆ! ಆ ಕಡೆಯಿಂದ ನೋಡಿದರೆ ಐಮ್ಯಾಕು ಅಗ್ಗವೆಂದೇ ಹೇಳಬೇಕು. ಆದರೆ ನಮ್ಮ ಹುಡುಗನಿಗೆ ಲಗ್ನದ ಕಾಲದಲ್ಲಿ ರಾತ್ರಿಹಗಲು ಕೆಲಸ, ಆಷಾಢದಲ್ಲಿ ನೊಣ ಹೊಡೆಯುವ ಕೆಲಸ. ಲಗ್ನದ ಕಾಲದಲ್ಲಿಯೇ ಯಂತ್ರ ನಲವತ್ತು ದಿನ ಊರಿನಲ್ಲಿಲ್ಲದೆ ಹೋದರೆ ಆ ವರ್ಷದ ಸಾಲದ ಕಂತು ಎಲ್ಲಿಂದ ಬರಬೇಕು? ಆ ಬಡ ತಂದೆಯ ಮುಂದೆ ಕುಳಿತಾಗ ನಮ್ಮನ್ನು ಕಾಡಿದ್ದು ಈ ಒಂದು ಪ್ರಶ್ನೆ.

ಎಂಟನೆಯ ದಿನ ತಂದೆ ಮಗ ಇಬ್ಬರೂ ಬಂದರು. ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆವು. ಹಿಂದೆ ನಾವು ಕೊಟ್ಟ ತಪ್ಪು ಸಲಹೆಯನ್ನೂ ಮುಚ್ಚಿಡಲಿಲ್ಲ. ಹುಡುಗ ತಲೆ ತಗ್ಗಿಸಿ ಕೇಳಿದ. ಆಮೇಲೆ, "ಸರ್, ನೀವು ಹೇಳೋದು ಖರೆ. ಆದ್ರ ಗಿರಾಕಿ ಅಂಗಡಿಯೊಳಗ ಕಾಲಿಟ್ಟಾಗ ಮೊದಲ ನೋಡೋದು ಅದನ್ನೇ ಅಲ್ಲೇನ್ರಿ? ಹಳೇ ಡಬ್ಬಿ ನೋಡಿ ಇವನ ಕೆಲಸಾನೂ ಹಳೇದ ಅಂತಾರ" ಎಂದ. ಈ ಮಾತಿಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಅಂಗಡಿಯ ಮುಂಬಾಗಿಲಿನ ಮರ್ಯಾದೆ ತಿಳಿಯದು, ಅವನಿಗೆ ತಿಳಿದಿತ್ತು.

ಕೊನೆಗೆ ಅವನು ನಮ್ಮ ಮಾತನ್ನು ಪೂರ್ತಿ ಕೇಳಲೂ ಇಲ್ಲ, ಪೂರ್ತಿ ಬಿಡಲೂ ಇಲ್ಲ. ವಿಂಡೋಸಿನ ಒಂದು ಡಬ್ಬಿಯನ್ನು ಊರಿನ ಹುಡುಗನಿಂದಲೇ ಜೋಡಿಸಿಕೊಂಡು ಮೇಜಿನ ಕೆಳಗೆ ಮರೆಮಾಡಿದ. ಉಳಿದ ಹಣವನ್ನೆಲ್ಲ ನಾವು ಹೇಳಿದ್ದಕ್ಕಿಂತಲೂ ದುಬಾರಿಯ ಒಂದು ಪರದೆಗೆ ಸುರಿದು ಅದನ್ನು ಬಾಗಿಲಿಗೆ ಎದುರಾಗಿ ಇಟ್ಟ. ಯುಪಿಎಸ್ ಕೊಂಡ. ಪೂಜೆಯ ದಿನ ನಾವೂ ಹೋಗಿದ್ದೆವು. ತಂದೆಯವರು ಪರದೆಗೆ ಹೂವೇರಿಸಿ ಅರಿಶಿನ ಕುಂಕುಮ ಹಚ್ಚಹೊರಟಾಗ ಮಗ ಗಾಬರಿಯಿಂದ ಕೈ ಹಿಡಿದು, "ಅಪ್ಪಾ, ಅದಕ್ಕಲ್ಲ, ಕೆಳಗಿಂದಕ್ಕ ಹಚ್ಚು" ಎಂದ. ಅವರು ಬಗ್ಗಿ ಮೇಜಿನ ಕೆಳಗೆ ನೋಡಿ, "ಹಂಗಾರ ಕಂಪ್ಯೂಟರ್ ಇದೇನು?" ಎಂದು ನಮ್ಮ ಮುಖ ನೋಡಿದರು.

ಈ ವರ್ಷದ ಸಂಚಿಕೆಯ ಪುಟಗಳನ್ನು ಜೋಡಿಸುವ ಕೆಲಸವನ್ನು ಸಂಘವು ಅವನಿಗೇ ವಹಿಸಿದೆ. ಪುಟಗಳ ಎರಡು ಪ್ರತಿಗಳು ಬೇರೆಬೇರೆ ಕಡೆ ಇವೆ. ಒಂದು ನಮ್ಮ ಕಚೇರಿಯ ಕಪಾಟಿನಲ್ಲಿ, ಆ ಬಾಲಕಿಯ ಸಂಚಿಕೆಯ ಪಕ್ಕದಲ್ಲಿ. ಅವಳ ಮನೆಯವರ ಬೀದರಿನ ವಿಳಾಸ ಬಲ್ಲವರು ಈ ಸಭೆಯಲ್ಲಿದ್ದರೆ ದಯವಿಟ್ಟು ಕಾರ್ಯಕ್ರಮ ಮುಗಿದ ಮೇಲೆ ನಮ್ಮನ್ನು ಕಾಣಬೇಕು.